ಹೆಸರಿಲ್ಲದ ಹತ್ತು ಬಂದೂಕು

ಜರ್ಮನಿಯ ಅಬ್‌ಸ್ಟಾಟ್ ಊರಿನಲ್ಲಿ ಬೆಳಗಿನ ಐದು ಗಂಟೆ ಹತ್ತು ನಿಮಿಷ. ಬೀದಿಯಲ್ಲಿ ಬೇಕರಿಯ ವ್ಯಾನ್ ಬಿಟ್ಟರೆ ಇನ್ನೇನೂ ಅಲುಗಾಡುತ್ತಿಲ್ಲ. ಮೂರು ಮಹಡಿಯ ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ, ಸೈಕಲ್ಲುಗಳನ್ನೂ ಆಲೂಗಡ್ಡೆ ಚೀಲಗಳನ್ನೂ ದಾಟಿದರೆ ಸಿಗುವ ಪುಟ್ಟ ಕೋಣೆಯೊಳಗೆ, ಹಾಲಸಿದ್ದಪ್ಪ ಅರ ಹಿಡಿದು ನಿಂತಿದ್ದಾರೆ. ಎದುರಿನ ವೈಸಿನಲ್ಲಿ ಅಂಗೈಯಗಲದ ಉಕ್ಕಿನ ತುಂಡು. ಅರ ಮುಂದಕ್ಕೆ ಹೋಗುವಾಗ ಮಾತ್ರ ಉಕ್ಕು ಕೊಯ್ಯುತ್ತದೆ. ಹಿಂದಕ್ಕೆ ಬರುವಾಗ ಬರಿಗಾಳಿಯಲ್ಲಿ ಬರುತ್ತದೆ. ಐವತ್ತೊಂದು ವರ್ಷದ ಈ ಮನುಷ್ಯನ ಉಸಿರೂ ಅದೇ ಲಯಕ್ಕೆ ಒಗ್ಗಿಹೋಗಿದೆ.

"ಈಗ ಡ್ರಿಲ್ ಹಚ್ಚೂಹಾಂಗಿಲ್ರೀ. ರೂಹೆತ್ಸೈಟ್ ಇದು, ಸದ್ದು ಮಾಡಬಾರದ ಹೊತ್ತು. ಏಳರ ಒಳಗ ಮಷೀನ್ ಸದ್ದಾತಂದ್ರ ಮ್ಯಾಲಿನ ಮನಿ ಅಜ್ಜಿ, ಬಿಲ್ಡಿಂಗ್ ನೋಡ್ಕೊಳ್ಳೂ ಹೌಸ್‌ಮೈಸ್ಟರ್‌ಗೆ ಲೆಟರ್ ಬರೀತಾಳ. ಅದಕ್ಕ ಎಲ್ಲಾ ಕೈಲೇ ಮಾಡೂದು ಕಲತೆ. ಆಕೀಗೆ ಒಂದ ದಿನ ಥ್ಯಾಂಕ್ಸ್ ಹೇಳಬೇಕು," ಎಂದು ತಲೆ ಎತ್ತದೆ ಹೇಳುತ್ತಾರೆ.

ಹಗಲಿನಲ್ಲಿ ಅವರು ಕಾರುಗಳ ಬ್ರೇಕ್ ಪರೀಕ್ಷಿಸುವ ಟೆಕ್ನಿಷಿಯನ್. ಕೊರಳಲ್ಲಿ ಕಂಪನಿಯ ಕಾರ್ಡ್ ತೂಗುಹಾಕಿಕೊಂಡ ನೂರಾರು ಜನರಲ್ಲಿ ಒಬ್ಬರು. ಏಳಕ್ಕೆ ಶಿಫ್ಟ್. ಅದಕ್ಕೆ ಮುಂಚಿನ ಒಂದೂಮುಕ್ಕಾಲು ಗಂಟೆ ಮಾತ್ರ ಅವರ ಸ್ವಂತದ್ದು. ಆ ಹೊತ್ತಿನಲ್ಲಿ ಅವರು ಇನ್ನೂರೈವತ್ತು ವರ್ಷ ಹಿಂದಿನ ಮಾದರಿಯ ಚಕಮಕಿ ಬಂದೂಕು ಕಟ್ಟುತ್ತಾರೆ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಜಡಿದು, ಕಲ್ಲಿನ ಕಿಡಿಯಿಂದ ಹಾರಿಸುವ ಬಂದೂಕು. ಕಟ್ಟುವುದಕ್ಕೆ ಸರ್ಕಾರದ ಪರವಾನಗಿ ಇದೆ, ಮದ್ದು ಕೊಳ್ಳುವುದಕ್ಕೆ ಪರೀಕ್ಷೆ ಬರೆದು ಪಾಸಾಗಿದ್ದಾರೆ. ನಳಿಗೆಯನ್ನು ಸರ್ಕಾರಿ ಮುದ್ರೆ ಬಿದ್ದದ್ದನ್ನೇ ತರಿಸುತ್ತಾರೆ. ಉಳಿದದ್ದೆಲ್ಲ ಅವರ ಕೈಯದು: ವಾಲ್‌ನಟ್ ಮರದ ದಿಮ್ಮಿಯಿಂದ ಕೆತ್ತಿದ ಹಿಡಿ, ಹಿತ್ತಾಳೆಯ ಕಟ್ಟು, ಮುಖ್ಯವಾಗಿ ಲಾಕ್. ಕಿಡಿ ಹುಟ್ಟಿಸುವ ಯಂತ್ರಕ್ಕೆ ಈ ಹೆಸರು. ಹತ್ತೊಂಬತ್ತು ಬಿಡಿಭಾಗ, ನೂರನಲವತ್ತು ಗಂಟೆಯ ಕೆಲಸ. ಟ್ರಿಗರ್ ಎಳೆದರೆ ಕಲ್ಲು ಕಚ್ಚಿಕೊಂಡ, ಕುದುರೆ ಎಂಬ ಕೊಕ್ಕೆ ಮುಂದಕ್ಕೆ ಹಾರಿ ಎದುರಿನ ಉಕ್ಕಿನ ಪ್ಲೇಟಿಗೆ ಬಡಿಯುತ್ತದೆ. ಪ್ಲೇಟು ಹಿಂದಕ್ಕೆ ಮಗುಚುತ್ತದೆ, ಕಿಡಿ ಕೆಳಗಿನ ಬಟ್ಟಲಿನ ಮದ್ದಿಗೆ ಬೀಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರಬೇಕು.

ಹತ್ತು ವರ್ಷದಲ್ಲಿ ಹನ್ನೊಂದು ಬಂದೂಕು. ಮೊದಲ ಹತ್ತರ ಮೇಲೂ ಕಟ್ಟಿದವನ ಹೆಸರಿಲ್ಲ.

ಹುಕ್ಕೇರಿ ಕಡೆಯ ಹಾಲಸಿದ್ದಪ್ಪ ಐಟಿಐ ಫಿಟ್ಟರ್. ಬೆಳಗಾವಿಯ ಫೌಂಡ್ರಿಯೊಂದರ ಟೂಲ್‌ರೂಮಿನಲ್ಲಿ ಹನ್ನೆರಡು ವರ್ಷ ದುಡಿದು, ಹದಿನೈದು ವರ್ಷದ ಹಿಂದೆ ಇಲ್ಲಿಗೆ ಬಂದವರು. ಬಂದೂಕಿನ ಹುಚ್ಚು ಹತ್ತಿದ್ದು ಒಂದು ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ. ಎಗೋನ್ ಎಂಬ ನಿವೃತ್ತ ಟೂಲ್‌ಮೇಕರ್ ಬಿಚ್ಚಿದ ಲಾಕ್ ಒಂದನ್ನು ಮಡಿಲಲ್ಲಿಟ್ಟುಕೊಂಡು ಅದರ ಸ್ಪ್ರಿಂಗ್ ಕೂರಿಸಲಾಗದೆ ಒದ್ದಾಡುತ್ತಿದ್ದರು. ಹಾಲಸಿದ್ದಪ್ಪ ಕೇಳದೆಯೇ ಕೈಚಾಚಿ, ಎರಡು ನಾಣ್ಯಗಳ ನಡುವೆ ಸ್ಪ್ರಿಂಗ್ ಒತ್ತಿ ಹಿಡಿದು ಟಕ್ಕನೆ ಕೂರಿಸಿಬಿಟ್ಟರು.

"ಯಾರ ಕಲಿಸಿದ್ರು ಅಂತ ಕೇಳಿದ್ರು. ನನ್ನ ಜರ್ಮನ್ ಆಗ ಅಷ್ಟಕ್ಕಷ್ಟ. ಬೆಳಗಾವಿ ಅಂದೆ. ಅದು ಯಾರೋ ಉಸ್ತಾದನ ಹೆಸರು ಅಂತ ತಿಳ್ಕೊಂಡ್ರು," ಎಂದು ನಗುತ್ತಾರೆ.

ಎಗೋನ್ ಹಾಲಸಿದ್ದಪ್ಪನವರನ್ನು ತಮ್ಮ ಶೂಟಿಂಗ್ ಕ್ಲಬ್ಬಿಗೆ ಕರೆದೊಯ್ದರು. ಅರ ಕೊಟ್ಟರು, ನಕ್ಷೆ ಕೊಟ್ಟರು, ಬೈದರು. ಹಾಲಸಿದ್ದಪ್ಪ ಕಟ್ಟಿದ ಬಂದೂಕುಗಳು ಕ್ಲಬ್ಬಿನ ಅದಲುಬದಲಿನ ಸಂತೆಗೆ ಹೋಗತೊಡಗಿದವು. ಒಂದು ಬಂದೂಕು ಕೊಟ್ಟು ಹಳೆಯ ಲಾಕ್ ಎರಡು ತರುವುದು, ಅದನ್ನು ಬಿಚ್ಚಿ ಕಲಿಯುವುದು, ಮತ್ತೆ ಹೊಸದು ಕಟ್ಟುವುದು. ಹೀಗೆ ಸಂಗ್ರಹವಾದ ಹದಿನೇಳು ಹಳೆಯ ಲಾಕ್‌ಗಳು ಕೋಣೆಯ ಗೋಡೆಯಲ್ಲಿ ಸಾಲಾಗಿ ತೂಗುತ್ತಿವೆ, ಬಾವಲಿಗಳ ಹಾಗೆ. ಕೊಂಡವರೆಲ್ಲ ಹೊಸ ಬಂದೂಕು ಎಗೋನ್ ಕೈಯದೆಂದೇ ನಂಬಿದರು. ಎಗೋನ್ ಪ್ರತಿ ಸಲ "ನನ್ನದಲ್ಲ" ಎಂದು ಹೇಳಿದರೂ ಅದು ಹಿರಿಯನ ವಿನಯವೆಂದು ಮತ್ತಷ್ಟು ಗೌರವಿಸಿದರು.

ಹೆಸರು ಯಾಕೆ ಹಾಕಲಿಲ್ಲ ಎಂದರೆ ಅರ ನಿಲ್ಲುತ್ತದೆ. "ಒಬ್ಬಾಂವ ನನ್ನ ಲಾಕ್ ಕೈಯಾಗ ಹಿಡಕೊಂಡು ಭಾಳ ಹೊಗಳಿದಾ. ಯಾರ ಮಾಡಿದ್ದು ಅಂದಾ. ನಾನ ಅಂದೆ. ನನ್ನ ಮಾರಿ ನೋಡಿದಾ, ಲಾಕ್ ನೋಡಿದಾ. 'ಆಹ್, ಇಂಡಿಶ್' ಅಂದು ಮೆತ್ತಗ ಟೇಬಲ್ ಮ್ಯಾಲ ಇಟ್ಟಾ. ಒಗೆದಿದ್ರ ಬ್ಯಾಸರ ಆಗ್ತಿದ್ದಿಲ್ಲ. ಮೆತ್ತಗ ಇಟ್ಟಾ ನೋಡ್ರಿ."

ಅದಕ್ಕೊಂದು ಹಿನ್ನೆಲೆಯಿದೆ. ನಮ್ಮ ದೇಶದಿಂದ ಬರುವ ಅಗ್ಗದ ನಕಲು ಬಂದೂಕುಗಳ ಬಗ್ಗೆ ಸಂಗ್ರಹಕಾರರದು ಒಂದೇ ದೂರು: ಪ್ಲೇಟು ಮೆತ್ತಗೆ, ಕಿಡಿ ಬರುವುದಿಲ್ಲ. ಆ ದಿನ ಹಾಲಸಿದ್ದಪ್ಪ ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡರು. ಪ್ರತಿ ಅಕ್ಟೋಬರಿನಲ್ಲಿ ಹೈಲ್‌ಬ್ರೋನ್ ಕಡೆಯ ಎಂಟು ಕ್ಲಬ್ಬುಗಳು ಸೇರಿ ನಡೆಸುವ ಪಂದ್ಯದಲ್ಲಿ ಹದಿಮೂರು ಗುಂಡು, ಅರ್ಧ ಗಂಟೆ, ಐವತ್ತು ಮೀಟರ್ ದೂರ. ಒಳ್ಳೆಯ ಹತ್ತನ್ನು ಎಣಿಸುತ್ತಾರೆ. ಅಲ್ಲಿ ಎಲ್ಲರ ಎದುರು ತನ್ನ ಲಾಕ್ ಹದಿಮೂರಕ್ಕೆ ಹದಿಮೂರು ಸಲ ಕಿಡಿ ಕೊಟ್ಟರೆ ಮಾತ್ರ ಉಕ್ಕಿನ ಮೇಲೆ ಹೆಸರು. ಒಂದು ತಪ್ಪಿದರೂ ಇಲ್ಲ.

ಹೋದ ವರ್ಷ ಹನ್ನೊಂದನೆಯ ಬಂದೂಕು ಹೊತ್ತು ಹೋದರು. ಹಿಂದಿನ ದಿನ ಖಂಡೇ ಪೂಜೆ, ಅಂದರೆ ಆಯುಧಪೂಜೆ. ಹೆಂಡತಿ ಸಾವಿತ್ರವ್ವ ಅರ, ಸುತ್ತಿಗೆ, ಕಾರು, ಮಿಕ್ಸರ್ ಎಲ್ಲಕ್ಕೂ ಕುಂಕುಮ ಹಚ್ಚಿದ ಹಾಗೆ ಬಂದೂಕಿಗೂ ಹಚ್ಚಿದ್ದರು. ಎಲ್ಲಿ? ಥಳಥಳಿಸುವ ಜಾಗ ನೋಡಿ, ಸರಿಯಾಗಿ ಪ್ಲೇಟಿನ ಮುಖಕ್ಕೆ, ನೀರಲ್ಲಿ ಕಲಸಿ. ಮೊದಲ ಗುಂಡಿಗೆ ಟ್ರಿಗರ್ ಎಳೆದರೆ ಕಲ್ಲು ಒಣಗಿ ಅಂಟಿದ ಕುಂಕುಮದ ಮೇಲೆ ಜಾರಿತು. ಕಿಡಿಯಿಲ್ಲ. ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಐದು, ಒಂಬತ್ತು, ಹನ್ನೆರಡನೆಯ ಗುಂಡುಗಳೂ ಕೈಕೊಟ್ಟವು.

"ನಾಲ್ಕೂ ನನ್ನ ತಲಿಗೆ ಕಟ್ಟತಾರ ಅಂತ ಮಾಡಿದ್ದೆ," ಎಂದು ಮೆಟ್ಟಿಲ ಮೇಲಿನಿಂದ ಸಾವಿತ್ರವ್ವನ ದನಿ. ಚಹಾ ಹಿಡಿದು ಬಂದಿದ್ದಾರೆ.

"ಇಲ್ರೀ. ಕುಂಕುಮದ್ದು ಒಂದ ಗುಂಡಿನ ತಪ್ಪು. ಎರಡನೇ ಏಟಿಗೆ ಕಲ್ಲು ಅದನ್ನ ಕೆರದ ಹಾಕಿತ್ತು. ಉಳದ ಮೂರು ನಂದು. ಪ್ಲೇಟು ಮೆತ್ತಗಿತ್ತು. ಆ ಮನಷ್ಯಾ ಅಂದದ್ದು ಖರೇ ಇತ್ತು."

ಈ ತಪ್ಪೊಪ್ಪಿಗೆಯೇ ಮುಂದಿನದಕ್ಕೆಲ್ಲ ಮೂಲ. ಪ್ಲೇಟಿನ ಮೇಲ್ಮೈ ಗಟ್ಟಿಯಾಗಲು ಅದನ್ನು ಇದ್ದಿಲಿನಲ್ಲಿ ಹೂತು ಕಾಯಿಸಿ ನೀರಿಗೆ ಅದ್ದಬೇಕು. ಇಲ್ಲಿನ ಹಳೆಯ ಪದ್ಧತಿಯಲ್ಲಿ ಅದು ಪ್ರಾಣಿಯ ಎಲುಬು ಮತ್ತು ಚರ್ಮ ಸುಟ್ಟ ಇದ್ದಿಲು. ಎಗೋನ್ ಪ್ರೀತಿಯಿಂದ ಒಂದು ಡಬ್ಬಿ ತಂದುಕೊಟ್ಟರು. ಸಾವಿತ್ರವ್ವ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು, ಕೇಳಿದರು, ಮುಚ್ಚಿದರು. "ಎಲುಬಿನ ಪುಡಿ ಈ ಹೊಸ್ತಿಲಾ ದಾಟಿ ಒಳಗ ಬರತೈತೆಂದ್ರ ನಾ ಹೊರಗ ಹೊಂಟೆ. ಯಾವದ ಬೇಕ ನೋಡ್ರಿ."

ಡಬ್ಬಿ ವಾಪಸು ಹೋಯಿತು. ಬದಲಿಗೆ ಏನು? ಹಾಲಸಿದ್ದಪ್ಪನವರಿಗೆ ಫೌಂಡ್ರಿಯ ದಿನಗಳು ನೆನಪಿದ್ದವು. ಗಟ್ಟಿ ಇದ್ದಿಲಿಗೆ ವಾಷಿಂಗ್ ಸೋಡಾ ಬೆರೆಸಿದರೂ ಉಕ್ಕು ಗಟ್ಟಿಯಾಗುತ್ತದೆ. ತೆಂಗಿನ ಚಿಪ್ಪಿಗಿಂತ ಗಟ್ಟಿ ಇದ್ದಿಲು ಯಾವುದಿದೆ? ಆದರೆ ಚಿಪ್ಪು ಮೂಟೆಗಟ್ಟಲೆ ಬೇಕು, ಮತ್ತು ಇದು ಜರ್ಮನಿ. ನೆರವಿಗೆ ಬಂದವನು ಅದೇ ಕಂಪನಿಯಲ್ಲಿ ಎಂಜಿನಿಯರ್ ಆಗಿರುವ ಉದಯಕುಮಾರ. ಸುತ್ತಲಿನ ಕನ್ನಡದ ಮನೆಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಹಾಕಿದ: ಕಾಯಿ ಒಡೆದವರು ಪರಟಿ ಬಯೋಮ್ಯುಲ್‌ಗೆ ಎಸೆಯಬೇಡಿ, ಹಸಿಕಸದ ಡಬ್ಬಿಗಿಂತ ಸಿದ್ದಪ್ಪಣ್ಣನಿಗೆ ಅದರ ಅಗತ್ಯ ಜಾಸ್ತಿ. ಸಂಕಷ್ಟಿ, ಗೃಹಪ್ರವೇಶ, ಯಾರದೋ ಹೊಸ ಕಾರಿನ ಪೂಜೆ, ಎಲ್ಲೆಡೆಯ ಚಿಪ್ಪು ಚೀಲಗಳಲ್ಲಿ ಬಂದು ನೆಲಮಾಳಿಗೆಗೆ ಬಿದ್ದವು.

"ಅಣ್ಣಾ, ಇಷ್ಟ ಕಾಯಿ ಒಡದ ಮ್ಯಾಲೂ ಕಿಡಿ ಬರಲಿಲ್ಲಂದ್ರ ತಪ್ಪು ದೇವರದ್ದ ಬಿಡು," ಎಂದು ಉದಯಕುಮಾರ ಕೆಣಕಿದರೆ ಹಾಲಸಿದ್ದಪ್ಪನವರದು ಸಿದ್ಧ ಉತ್ತರ: "ಲೇ, ನೀ ಪರಟಿ ತಾ. ತತ್ವಜ್ಞಾನ ಆಮ್ಯಾಲ ಹೇಳಂತಿ."

ಕಾಯಿಸಿದ್ದು ಎಗೋನ್ ಹೆಂಡತಿ ಮಡಕೆ ಸುಡುವ ವಿದ್ಯುತ್ ಒಲೆಯಲ್ಲಿ. ಕಬ್ಬಿಣದ ಪೆಟ್ಟಿಗೆಯಲ್ಲಿ ಚಿಪ್ಪು ಸುಟ್ಟು ಮಾಡಿದ ಇದ್ದಿಲು, ಸೋಡಾ, ನಡುವೆ ಪ್ಲೇಟು, ಸಂದಿಗೆ ಜೇಡಿಮಣ್ಣು. ಒಂಬೈನೂರು ಡಿಗ್ರಿ, ನಾಲ್ಕು ಗಂಟೆ. ಮೊದಲನೆಯದು ನೀರಿಗಿಳಿಯುತ್ತಲೇ ಸೀಳಿತು. ಎರಡನೆಯದು ಸೊಟ್ಟಗಾಯಿತು. ಮೂರು, ನಾಲ್ಕು, ಐದು ಮೆತ್ತಗೆ. ಪ್ರತಿ ಪ್ಲೇಟನ್ನೂ ಲಾಕಿಗೆ ಕೂರಿಸಿ, ಮದ್ದಿಲ್ಲದೆ ನೂರು ಸಲ ಹೊಡೆದು, ಎಷ್ಟು ಸಲ ಕಿಡಿ ಬಂತೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಎಪ್ಪತ್ತೊಂದು. ಎಂಬತ್ತು. ಎಪ್ಪತ್ತೆಂಟು. ಆರನೆಯದಕ್ಕೆ ತೊಂಬತ್ತೇಳು. ಏಳನೆಯದು, ಜುಲೈ ತಿಂಗಳ ಒಂದು ಮುಂಜಾನೆ, ನೂರು. ನಂಬಿಕೆಯಾಗದೆ ಇನ್ನೂ ನೂರು ಹೊಡೆದರು. ಮತ್ತೆ ನೂರು. ಅಂದು ಮೊದಲ ಸಲ ಶಿಫ್ಟಿಗೆ ತಡವಾಯಿತು.

ಹೋದ ತಿಂಗಳ ಪಂದ್ಯ. ಅದೇ ಹನ್ನೊಂದನೆಯ ಬಂದೂಕು, ಏಳನೆಯ ಪ್ಲೇಟು. ಈ ವರ್ಷ ಸಾವಿತ್ರವ್ವ ಕುಂಕುಮ ಹಚ್ಚಿದ್ದು ಮರದ ಹಿಡಿಗೆ ಮಾತ್ರ, ಅದೂ ಕೇಳಿ. ಹಾಲಸಿದ್ದಪ್ಪ ಮದ್ದು ಸುರಿಯುತ್ತಾರೆ, ಬಟ್ಟೆ ಸುತ್ತಿದ ಗುಂಡು ಜಡಿಯುತ್ತಾರೆ, ಬಟ್ಟಲಿಗೆ ಚಿಟಿಕೆ ಮದ್ದು. ಟ್ರಿಗರ್. ಕಿಡಿಯ ಒಂದು ಹಿಡಿ ಬಿಳಿ ಹೂವು, ಹೊಗೆ. ಒಂದು. ಎರಡು. ಐದನೆಯದೂ ಹತ್ತಿತು, ಒಂಬತ್ತನೆಯದೂ. ಹತ್ತು ಗುಂಡು ಮುಗಿದಾಗ ಐದು ನಿಮಿಷ ಉಳಿದಿದೆ. ಕಲ್ಲಿನ ಅಂಚು ಮುರಿದಿರುವುದು ಬೆರಳಿಗೆ ತಗಲುತ್ತದೆ. ಹಾಗೇ ಹೊಡೆದರೆ ಹತ್ತಬಹುದು, ಹತ್ತದಿರಬಹುದು. ಹೊಸ ಕಲ್ಲು ಹಾಕಿದರೆ ಹೊತ್ತು ಮೀರಬಹುದು. ಹಿಂದೆ ಕುರ್ಚಿಯಲ್ಲಿ ಕೂತ ಎಗೋನ್‌ಗೆ ಸಲಹೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲ.

ಹಾಲಸಿದ್ದಪ್ಪ ಸ್ಕ್ರೂ ಸಡಿಲಿಸುತ್ತಾರೆ. ಹೊಸ ಕಲ್ಲು, ತೊಗಲಿನ ಬದಲು ಸೀಸದ ಹಾಳೆ ಸುತ್ತಿದ್ದು, ಕುದುರೆಯ ಬಾಯಿಗೆ. ಬಿಗಿಯುವಷ್ಟರಲ್ಲಿ ಒಂದೂವರೆ ನಿಮಿಷ ಹೋಗಿದೆ. ಹನ್ನೊಂದು, ಹತ್ತಿತು. ಹನ್ನೆರಡು, ಹತ್ತಿತು. ಕೊನೆಯ ಗುಂಡು ಜಡಿಯುವಾಗ ಪಕ್ಕದವರೆಲ್ಲ ಬಂದೂಕು ಕೆಳಗಿಟ್ಟು ಇವರನ್ನೇ ನೋಡುತ್ತಿದ್ದಾರೆ. ಗಡಿಯಾರದಲ್ಲಿ ಹನ್ನೊಂದು ಸೆಕೆಂಡ್. ಟ್ರಿಗರ್.

ಹದಿಮೂರು.

ಹೊಗೆ ತಿಳಿಯಾಗುವ ಮುಂಚೆಯೇ ಉದಯಕುಮಾರ ಹಾಕಿದ ಸಿಳ್ಳೆಗೆ ರೇಂಜಿನ ಅಧಿಕಾರಿ ಗದರಿದರು. ನೂರಕ್ಕೆ ತೊಂಬತ್ತಮೂರು ಅಂಕ. ನಲವತ್ತೊಂದು ಜನರಲ್ಲಿ ಮೊದಲ ಸ್ಥಾನ. ಎಗೋನ್ ಎದ್ದು ಬಂದು ಪ್ಲೇಟನ್ನು ಉಗುರಿನಿಂದ ಕೆರೆದು ನೋಡಿ "ಕೆಟ್ಟದೇನೂ ಅಲ್ಲ" ಎಂದರು. ಈ ಸೀಮೆಯಲ್ಲಿ ಬೈಯದೆ ಬಿಟ್ಟರೆ ಅದೇ ದೊಡ್ಡ ಹೊಗಳಿಕೆ. ಎರಡು ಮಾತು ಆಡಿದ್ದು ಹೆಚ್ಚೇ ಆಯಿತು. ಆಖೆನ್‌ನಲ್ಲಿ ಓದುವ ಮಗಳು ಕೀರ್ತಿಯ ಫೋನು: "ಪಾಪಾ, ಉಂಡ್?" ಜರ್ಮನ್ನಿನಲ್ಲಿ "ಏನಾಯ್ತು?" ಎಂದರ್ಥ. ಅಪ್ಪ ಜರ್ಮನ್ನಿನಲ್ಲೇ ಸಂಖ್ಯೆ ಹೇಳಿದರು. ಆ ಕಡೆಯಿಂದ ಚೀರಿದ್ದು ಮಾತ್ರ ಅಪ್ಪಟ ಕನ್ನಡದಲ್ಲಿ.

ಆಮೇಲೆ ನಾಲ್ಕು ಮುಂಜಾನೆ ಹೆಸರು ಕೆತ್ತುವುದಕ್ಕೇ ಹೋಯಿತು. ರೋಮನ್ ಅಕ್ಷರ ಸುಲಭ, ನೇರ ಗೆರೆ, ಎಂದು ಕ್ಲಬ್ಬಿನವರು ಹೇಳಿದ್ದರು. ನಮ್ಮ ಅಕ್ಷರ ಗುಂಡಗೆ, ಉಳಿ ಜಾರುತ್ತದೆ. ಆದರೂ ಲಾಕಿನ ಹೊರಮೈ ಮೇಲೆ ಬೆರಳುದ್ದಕ್ಕೆ, ತುಸು ಏರುತಗ್ಗಾಗಿ, ಕನ್ನಡದಲ್ಲೇ ನಿಂತಿದೆ: ಹಾಲಸಿದ್ದಪ್ಪ. ಇಂಥದೇ ಲಾಕ್ ಬೇಕೆಂದು ಮೂವರು ಕೇಳಿದ್ದಾರೆ. ಮೂವರೂ ಏನು ಬರೆದಿದೆ ಎಂದು ಕೇಳಿ, ಬಾಯಿಪಾಠ ಮಾಡಿಕೊಂಡು ಹೋಗಿದ್ದಾರೆ. ಈಗ ವೈಸಿನಲ್ಲಿರುವುದು ಮೊದಲನೆಯವರದು. ಚಿಪ್ಪಿನ ಇದ್ದಿಲಿನ ಲೆಕ್ಕಾಚಾರ ಕ್ಲಬ್ಬಿನ ನೋಟಿಸ್ ಬೋರ್ಡಿನಲ್ಲಿ ತೂಗುತ್ತಿದೆ, ಯಾರು ಬೇಕಾದರೂ ಬಳಸಲೆಂದು.

ಆರೂಮುಕ್ಕಾಲು. ಹಾಲಸಿದ್ದಪ್ಪ ಅರ ಒರೆಸಿಟ್ಟು, ಕೊರಳಿಗೆ ಕಂಪನಿಯ ಕಾರ್ಡ್ ಹಾಕಿಕೊಳ್ಳುತ್ತಾರೆ. ಇನ್ನು ಏನು ಆಸೆ ಎಂದು ಕೇಳಿದ್ದಕ್ಕೆ ಮೆಟ್ಟಿಲು ಹತ್ತುತ್ತ ಉತ್ತರಿಸುತ್ತಾರೆ:

"ಉಕ್ಕು ಅಂದ ಮ್ಯಾಲ ಒಂದಿಲ್ಲೊಂದ ದಿನ ಕೈ ಕೊಡತೈತ್ರೀ. ಕಿಡಿ ಬರಲಿಲ್ಲಂದ್ರ ಇನ್ನ ಮ್ಯಾಲ ದೇಶದ ಹೆಸರ ಹಿಡದ ಬೈಯೂಹಾಂಗಿಲ್ಲ. ನನ್ನ ಹೆಸರ ಹಿಡದ ಬೈಬೇಕು. ಬೈಲಿ. ಅಷ್ಟ ಬೇಕಾಗಿತ್ತ ನನಗ."