ತಿರುಗಿ ನೋಡದ ತಿಪ್ಪೇಶ

ತಿಪ್ಪೇಶನಿಗೆ ಬುದ್ಧಿ ಕಡಿಮೆ ಇರಲಿಲ್ಲ. ಇದ್ದದ್ದನ್ನೆಲ್ಲ ಒಂದು ಜಪಾನಿ ಕಾರ್ಟೂನಿಗೆ ಧಾರೆ ಎರೆದಿದ್ದ, ಅಷ್ಟೇ. ಹೊಸದುರ್ಗದ ಶಿವಕುಮಾರಪ್ಪನವರ ಕೊಬ್ಬರಿ ಮಂಡಿಯಲ್ಲಿ ಅವನದು ಚಿಪ್ಪು ಒಡೆಯುವ ಕೆಲಸ, ನನ್ನದು ತೂಕದ ಕೆಲಸ. ಅಟ್ಟದ ಮೇಲೆ ಒಣಗಿದ ಕಾಯಿ ಒಳಗೇ ನೀರಿಂಗಿಸಿಕೊಂಡು, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಅದರ ಚಿಪ್ಪನ್ನು ಮಚ್ಚಿನ ಬೆನ್ನಿನಿಂದ ಹದವಾಗಿ ತಟ್ಟಿದರೆ ಕೊಬ್ಬರಿ ಉಂಡೆಯಾಗಿ ಹೊರಗೆ ಬರಬೇಕು, ಹೋಳಾಗಬಾರದು. ತಿಪ್ಪೇಶನ ಕೈ ಅದಕ್ಕೆ ಚೆನ್ನಾಗಿ ಪಳಗಿತ್ತು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಆ ಕಾರ್ಟೂನಿನ ವೀರ ಪ್ರತಿ ಕಾಳಗವನ್ನೂ ಒಂದೇ ಏಟಿಗೆ ಮುಗಿಸುತ್ತಿದ್ದ. ಅದನ್ನು ತಿಪ್ಪೇಶ ‘ಮೌನ ಹಸ್ತ’ ಎನ್ನುತ್ತಿದ್ದ. ಕಣ್ಣು ಮುಚ್ಚುವುದು, ಬರಿಯ ಅಂಗೈಯಿಂದ ಬಡಿಯುವುದು, ಎದುರಾಳಿಗೆ ಬೆನ್ನು ಹಾಕಿ ನಿಲ್ಲುವುದು. ತಿರುಗಿ ಮಾತ್ರ ನೋಡಬಾರದು. ನೋಡಿದವನಿಗೆ ತನ್ನ ಏಟಿನ ಮೇಲೆ ನಂಬಿಕೆಯಿಲ್ಲ ಎಂದರ್ಥವಂತೆ. ವೀರ ಹಾಗೆ ನಿಂತಿರುವಾಗ ಹಿಂದೆ ರಾಕ್ಷಸರು ಪುಡಿಪುಡಿಯಾಗುತ್ತಿದ್ದರು. ಮಧ್ಯಾಹ್ನ ಬುತ್ತಿ ಮುಂದಿಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ನೋಡುವನು. ಅನ್ನ ಆರಿಹೋದರೂ ಅವನಿಗೆ ಪರಿವೆ ಇರುತ್ತಿರಲಿಲ್ಲ.

ಆಮೇಲೆ ತಾನೇ ಶುರುಮಾಡಿದ. ಲೊಡಲೊಡ ಎನ್ನುವ ಕಾಯನ್ನು ಆರಿಸಿ, ಮಚ್ಚಿನ ಬೆನ್ನಿನಿಂದ ಗುಟ್ಟಾಗಿ ಬಿರುಕು ಬಿಡಿಸಿ, ಕಲ್ಲಿನ ಮೇಲಿಟ್ಟು ಅಂಗೈಯಿಂದ ಬಡಿದು ಬೆನ್ನು ತಿರುಗಿಸಿ ನಿಲ್ಲುವನು. ಹಿಂದೆ ಚಿಪ್ಪು ಉದುರಿ ಉಂಡೆ ಕೊಬ್ಬರಿ ಉಳಿಯುವುದು. ಸಾಹುಕಾರರ ಮಗ ಚಂದ್ರು ಅದನ್ನು ವಿಡಿಯೋ ಮಾಡಿ ಹಾಕಿದ. ಹಿರಿಯೂರು, ಹೊಳಲ್ಕೆರೆ ಎಲ್ಲೆಲ್ಲೂ ಜನ ನೋಡಿದರು. ಬಿರುಕಿನ ವಿಷಯ ಮಂಡಿಯವರಿಗೆಲ್ಲ ಗೊತ್ತಿತ್ತು. ದಿನಕಳೆದಂತೆ ಅದನ್ನು ಮರೆತವನು ತಿಪ್ಪೇಶ ಒಬ್ಬನೇ.

ಆ ವಿಡಿಯೋದಿಂದ ಅವನಿಗೆ ಹೆಣ್ಣು ಗೊತ್ತಾಯಿತು. ಚಿಪ್ಪು ಒಡೆಯುವವನಿಗೆ ಹೆಣ್ಣು ಕೊಡುವವರು ಯಾರು? ಕೇಳಿದ ಮನೆಯವರೆಲ್ಲ ಕಾಫಿ ಕೊಟ್ಟು ಕಳಿಸಿದ್ದರು. ಹರಿಯಬ್ಬೆಯ ಸುಪ್ರಿಯಾ ಮಾತ್ರ ವಿಡಿಯೋ ನೋಡಿ ನಕ್ಕು, ‘ಇವನಾಗಲಿ’ ಎಂದಳಂತೆ. ಅವಳ ಅಣ್ಣ ಪಾಲಣ್ಣ ಒಪ್ಪಿದ. ಅಜ್ಜಿ ಹುಚ್ಚಕ್ಕ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆ ಮನೆಯಲ್ಲಿ ಅಜ್ಜಿಯ ಬಾಯಿಂದ ಬಂದದ್ದೇ ಕೊನೆಯ ಮಾತು. ಪಾಲಣ್ಣ ಶೇಂಗಾ ಸಾಗಿಸಲು ಹೊಸ ಟೆಂಪೋ ತಂದಿದ್ದ. ಅದರ ಪೂಜೆಗೆ ಬೀಗರಾಗುವವರು ಬರಲಿ, ಕಾಯಿ ಅಳಿಯನೇ ಒಡೆಯಲಿ, ಅವತ್ತೇ ಲಗ್ನದ ದಿನ ಗೊತ್ತುಮಾಡೋಣ ಎಂದು ಮಾತಾಯಿತು.

ತಿಪ್ಪೇಶ ಬಿರುಕು ಬಿಡಿಸಿದ ಕಾಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ಚಂದ್ರು ಮೊಬೈಲ್ ಹಿಡಿದು ಬಂದ. ನಾನೂ ಹೋಗಿದ್ದೆ. ಟೆಂಪೋಗೆ ಹೂವಿನ ಹಾರ ಬಿದ್ದಿತ್ತು, ಸುಪ್ರಿಯಾ ಪೂಜೆಯ ತಟ್ಟೆ ಹಿಡಿದು ನಿಂತಿದ್ದಳು. ಹುಚ್ಚಕ್ಕ ಅವನ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು.

“ಏನಪ್ಪ, ಕೊಬ್ಬರಿ ಕಾಯಿ ತಂದೀಯ? ನೀರಿಲ್ಲದ್ದನ್ನ ಗಾಡಿಗೆ ಒಡೀತಾರೇನು? ತಗಾ, ಇದನ್ನ ಒಡಿ,” ಎಂದು ನೀರು ತುಂಬಿದ ಹಸಿ ಕಾಯಿ ಕೊಟ್ಟಳು.

ಕೊಬ್ಬರಿಯಲ್ಲೇ ಹುಟ್ಟಿ ಬೆಳೆದವನಿಗೆ ಪೂಜೆಗೆ ನೀರುಗಾಯಿ ಬೇಕೆಂಬುದು ಹೊಳೆಯಲಿಲ್ಲ ನೋಡಿ! ನಾನು ಅವನ ತೋಳು ಹಿಡಿದೆ.

“ಲೇ, ಮಚ್ಚು ತಗಂಡು ಒಡಿ. ಮರ್ಯಾದೆ ಉಳಿಸ್ಕ.”

“ಸುಮ್ನಿರಪ್ಪ, ಎಲ್ಲ ನೋಡ್ತಾ ಅವ್ರೆ,” ಎಂದ.

ಕಣ್ಣು ಮುಚ್ಚಿದ. ಬಡಿದ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಕಾಯಿ ಉರುಳಿ ಟೆಂಪೋದ ಚಕ್ರಕ್ಕೆ ತಾಗಿ ನಿಂತಿತು, ಒಂದು ಗೆರೆಯೂ ಬಿದ್ದಿರಲಿಲ್ಲ. ಇವನೋ, ಬೆನ್ನು ಹಾಕಿ ನಿಂತೇ ಇದ್ದ! ಮುಖವೆಲ್ಲ ಬೆವರು, ತುಟಿ ಕಚ್ಚಿ ನಗುತ್ತಿದ್ದ. ಕೈ ಹೋದರೂ ಕಾಯಿ ಒಡೆದಿದೆ ಎಂದೇ ಅವನ ನಂಬಿಕೆ.

ನಮ್ಮ ಕಡೆ ಕಾಯಿ ಮೊದಲ ಏಟಿಗೆ ಒಡೆಯದಿದ್ದರೆ ‘ಒಡೀಲಿಲ್ಲ’ ಅಂತ ಯಾರೂ ಬಾಯಿ ಬಿಡುವುದಿಲ್ಲ. ಆ ಮಾತು ಬೀಳುವ ಮೊದಲೇ ಒಡೆಯುವವನು ಇನ್ನೊಂದು ಏಟು ಹಾಕಿ ನೀರು ಚೆಲ್ಲಿಬಿಟ್ಟರೆ ಅದು ಅಪಶಕುನವಲ್ಲ. ಸುಪ್ರಿಯಾ ಅದಕ್ಕೇ ತಟ್ಟೆ ಕೆಳಗಿಟ್ಟು, ಕಾಯಿ ಎತ್ತಿಕೊಂಡು, ಮಚ್ಚನ್ನು ಅವನ ಬೆನ್ನ ಹತ್ತಿರ ಹಿಡಿದಳು. ಮದುವೆಯಾಗುವವನ ಹೆಸರು ಹಿಡಿದು ಹಿರಿಯರ ಮುಂದೆ ಕೂಗುವಂತಿಲ್ಲ.

“ಇಲ್ಲಿ ನೋಡ್ರಿ,” ಎಂದಳು. ಮತ್ತೆ, “ರೀ, ಇಲ್ಲಿ ನೋಡ್ರಿ.”

ತಿಪ್ಪೇಶ ಅಲುಗಲಿಲ್ಲ. ಅಜ್ಜಿ ಕಾದಳು. ಅವಳನ್ನು ದೂರುವಂತಿಲ್ಲ, ಸಾಕಷ್ಟು ಹೊತ್ತೇ ಕಾದಳು.

“ಒಡೀಲಿಲ್ಲ,” ಎಂದಳು ಕೊನೆಗೆ. “ಈ ಸಂಬಂಧ ಬ್ಯಾಡ.”

ಆಗ ತಿರುಗಿದ. ಅಷ್ಟರಲ್ಲಿ ಸುಪ್ರಿಯಾ ಮಚ್ಚನ್ನು ಅಣ್ಣನ ಕೈಗೆ ಕೊಟ್ಟು ಒಳಗೆ ಹೋಗಿದ್ದಳು. ಪಾಲಣ್ಣ ಒಂದೇ ಏಟಿಗೆ ಕಾಯಿ ಒಡೆದ. ಚಂದ್ರು ನಕ್ಕು ನಕ್ಕು ಕೆಮ್ಮುತ್ತಿದ್ದ.

ಮುರಿದ ಬಲಗೈ ಸೊಟ್ಟಗೆ ಕೂಡಿಕೊಂಡಿತು. ಎಡಗೈಯಲ್ಲಿ ಬಡಿದರೆ ಕೊಬ್ಬರಿ ಹೋಳಾಗುತ್ತದೆಂದು ಶಿವಕುಮಾರಪ್ಪನವರು ಅವನಿಗೆ ಚಿಪ್ಪು ಗುಡಿಸುವ ಕೆಲಸ ಕೊಟ್ಟರು. ಚಂದ್ರು ಹಾಕಿದ ಈ ವಿಡಿಯೋವನ್ನು ಹಿಂದಿನವಕ್ಕಿಂತ ಹೆಚ್ಚು ಜನ ನೋಡಿದರು. ಮಂಡಿಗೆ ಬಂದವರೂ “ತಿರುಗಬ್ಯಾಡ ಲೇ” ಎಂದು ಕೂಗಿ ಹೋಗುವರು. ಅದಕ್ಕೆಲ್ಲ ಅವನು ನಗುವನು. ನನಗೆ ಅವನ ಮೇಲೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು.

ಒಂದು ದಿನ ಸುಪ್ರಿಯಾ ಫೋನ್ ಮಾಡಿದಳು. ಗೋಣಿಚೀಲದ ಮೇಲೆ ಕೂತು, ಎಡಗೈಯಲ್ಲಿ ಪೊರಕೆಯಿದ್ದು ಸೊಟ್ಟ ಕೈಯಲ್ಲಿ ಫೋನ್ ಹಿಡಿಯಲಾರದೆ, ಸ್ಪೀಕರಿಗೆ ಹಾಕಿ ಮಾತಾಡಿದ. ಪಕ್ಕದಲ್ಲಿ ನಾನಿದ್ದೆ.

“ಆ ವಿಡಿಯೋ ತೆಗೆಸ್ರಿ,” ಎಂದಳು. “ಅದ್ರಾಗೆ ನಾನೂ ಇದೀನಿ. ನೋಡಾಕೆ ಬರೋ ಗಂಡುಗಳು ನಗ್ತಾರೆ.”

“ತೆಗೆಸ್ತೀನಿ,” ಎಂದ ತಿಪ್ಪೇಶ.

ಅವಳು ಫೋನ್ ಇಡಲಿಲ್ಲ. “ನಾನು ಕರೆದಿದ್ದು ಕೇಳ್ಲಿಲ್ವಾ?”

“ಕೇಳ್ತು.”

“ಮತ್ಯಾಕೆ ತಿರುಗ್ಲಿಲ್ಲ?”

“ಕಾಯಿ ಒಡೆದೈತಿ, ನೀನು ಖುಷಿಗೆ ಕರೀತಿದೀಯ ಅಂದ್ಕಂಡೆ,” ಎಂದ.