ಖಾಲಿ ಹಾಳೆಯ ಕೆಳಗಿನ ಸಹಿ

ನನ್ನ ದೊಡ್ಡಪ್ಪನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನಾನು ಯಾವ ದೇವರಿಗೂ ಕೈಮುಗಿದಿಲ್ಲ. ಬರೆಯುವಾಗ ಸಿಟ್ಟನ್ನು ಬದಿಗಿಡಬೇಕು ಎನ್ನುವವರಿದ್ದಾರೆ. ಅವರ ಮನೆಯಲ್ಲಿ ಯಾರ ಮಂಡಿಯೂ ಮಡಚಿದಲ್ಲೇ ಗಟ್ಟಿಯಾಗಿಲ್ಲ, ಅಷ್ಟೆ.

ನಾವು ಮೂಲತಃ ಅಬ್ಬಿಗೆರೆಯವರು. ಹೊಲಗಳೆಲ್ಲ ಸೈಟುಗಳಾದಾಗ ದೊಡ್ಡಪ್ಪ ಬಿಲ್ಡರ್ ಆದರು, ಊರಿನ ಮುಖಂಡರೂ ಆದರು. ನನಗೆ ಎರಡು ವರ್ಷವಿದ್ದಾಗ ಪೋಲಿಯೊ ಆಗಿ ಎಡಗಾಲು ಸೊರಗಿತು. ಕಾಲಿಗೆ ಆಸರೆಯಾಗಿ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತೇನೆ. ನನ್ನ ತಮ್ಮ ಇಪ್ಪತ್ನಾಲ್ಕನೇ ವಯಸ್ಸಿನವರೆಗೂ ಎಲ್ಲರಂತೆ ಓಡಾಡಿಕೊಂಡಿದ್ದ. ದೊಡ್ಡಪ್ಪನದೇ ಕಟ್ಟಡದಲ್ಲಿ ವೈರಿಂಗ್ ಮಾಡುತ್ತಿದ್ದಾಗ ಎರಡನೇ ಮಹಡಿಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ದೊಡ್ಡಪ್ಪ ಆಸ್ಪತ್ರೆಗೆ ಬಂದರು, ಒಂದು ಚೀಲ ಸೇಬು ತಂದರು, ಹಣೆಬರಹ ಅಂದರು. ಕಟ್ಟಡದ ಅಂಚಿಗೆ ಅಡ್ಡಗಂಬಿ ಹಾಕಿಸದಿದ್ದದ್ದು ಯಾರ ಹಣೆಯ ಬರಹ ಎಂದು ಆಗ ನಾನು ಕೇಳಲಿಲ್ಲ.

ನಮ್ಮ ಕಡೆಯ ಸರ್ಕಾರಿ ಆಸ್ಪತ್ರೆಯ ಹಿಂಭಾಗದಲ್ಲಿ ಫಿಸಿಯೋಥೆರಪಿಗೆಂದು ಒಂದು ಕೊಠಡಿ ಇತ್ತು. ಹಿಡಿದು ನಡೆಯಲು ಎರಡು ಕಬ್ಬಿಣದ ಕಂಬಿ, ಒಂದು ಮಂಚ, ಗೋಡೆಗೊಂದು ಉದ್ದನೆಯ ಕನ್ನಡಿ. ಅಂಗವಿಕಲರಿಗೆಂದು ಮೀಸಲಿಟ್ಟ ಸರ್ಕಾರದ ಹಣದಲ್ಲಿ ಅದು ನಡೆಯುತ್ತಿತ್ತು. ಅಲ್ಲಿದ್ದ ಫಿಸಿಯೋ ಮೇಡಂ ಅವರದು ಮಾತು ಕಡಿಮೆ, ಕೈಹಿಡಿತ ಗಟ್ಟಿ. ವಾರಕ್ಕೆ ಮೂರು ದಿನದಂತೆ ಒಂದು ವರ್ಷ ಹೋದ ಮೇಲೆ ತಮ್ಮ ಕಂಬಿ ಹಿಡಿದು ಎದ್ದು ನಿಂತ. ನೇರವಾಗಿ ನೋಡಲು ಧೈರ್ಯ ಸಾಲದೆ ಅಮ್ಮ ಕನ್ನಡಿಯಲ್ಲಿ ನೋಡಿದರು. ಇನ್ನಾರು ತಿಂಗಳು ಬಿಡದೆ ಬಂದರೆ ಊರುಗೋಲಿನಲ್ಲಿ ಹೆಜ್ಜೆ ಹಾಕಬಹುದು, ನಡುವೆ ಬಿಟ್ಟರೆ ಮಂಡಿ ಬಿಗಿದುಕೊಳ್ಳುತ್ತದೆ ಎಂದು ಮೇಡಂ ಹೇಳಿದರು.

ಅಂಗವಿಕಲರ ಹೊಸ ಕಾಯ್ದೆ ಬಂದ ಮರುವರ್ಷ ಅದು. ನಾವು ಇಪ್ಪತ್ತು ಜನ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದೆವು, ನಾನು ಕಾರ್ಯದರ್ಶಿ. ಕಾಯ್ದೆಯ ಪುಸ್ತಕ ಓದಿ ಓದಿ ಹಾಳೆಗಳು ಕಿತ್ತುಬಂದಿದ್ದವು. ಯಾವ ಕಚೇರಿಗೆ ಹೋದರೂ ಕಲಂ ಸಂಖ್ಯೆ ಹೇಳಿ ಗುಮಾಸ್ತರನ್ನು ಹೆದರಿಸುತ್ತಿದ್ದೆ. ನನ್ನನ್ನು ಯಾರೂ ಯಾಮಾರಿಸಲಾರರು ಎಂಬ ಜಂಬವಿತ್ತು.

ಆಸ್ಪತ್ರೆಯ ಸಮಿತಿಯಲ್ಲಿ ದೊಡ್ಡಪ್ಪ ಸದಸ್ಯರು. ಅಂಗವಿಕಲರ ಅಹವಾಲು ಕೇಳುತ್ತೇವೆಂದು ಸಮಿತಿ ಒಂದು ಸಭೆ ಕರೆಯಿತು. ಎಲ್ಲರನ್ನೂ ನಾನೇ ಕರೆದುಕೊಂಡು ಹೋದೆ. ನಮ್ಮ ಊರುಗಳಲ್ಲಿ ಹಾಲಿನ ಡೇರಿಯ ಸಭೆಯಿರಲಿ, ದೇವಸ್ಥಾನದ್ದಿರಲಿ, ಒಂದು ಪದ್ಧತಿಯಿದೆ. ಒಳಗೆ ಕಾಲಿಡುತ್ತಿದ್ದಂತೆ ನಡಾವಳಿ ಪುಸ್ತಕ ಮುಂದಿಡುತ್ತಾರೆ. ಹಾಳೆಯ ಮೇಲರ್ಧ ಖಾಲಿ ಬಿಟ್ಟು ಕೆಳಗೆ ಸಹಿ ಹಾಕಬೇಕು. ಸಭೆ ಮುಗಿದ ಮೇಲೆ ಯಾರೋ ಕೂತು ನಿಧಾನಕ್ಕೆ ಮೇಲಿನದ್ದನ್ನು ತುಂಬುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದರಿಂದ ಯಾರಿಗೂ ಅದು ತಪ್ಪೆನಿಸುವುದಿಲ್ಲ. ಏನು ಬರೆಯುತ್ತೀರಿ ಎಂದು ಕೇಳುವುದೇ ಅವಮರ್ಯಾದೆ.

"ಮೊದ್ಲು ನೀನ್ ಆಕಮ್ಮ, ಓದಿರೋಳು. ನಿನ್ನ ನೋಡಿ ಮಿಕ್ಕೋರು ಆಕ್ತಾರೆ," ಎಂದು ದೊಡ್ಡಪ್ಪ ತಮ್ಮ ಪೆನ್ನನ್ನೇ ಕೊಟ್ಟರು.

ಹಾಕಿದೆ. ನನ್ನ ಸಹಿಯ ಮೊದಲ ಅಕ್ಷರಕ್ಕೆ ಮೇಲೆ ಎತ್ತರದ ಒಂದು ಕೊಂಬಿದೆ, ಹೈಸ್ಕೂಲಿನಲ್ಲಿ ಕಲಿತ ಶೋಕಿ. ಉಳಿದವರು ಕೆಳಗೆ ಸಹಿ ಹಾಕಿದರು, ಬರೆಯಲು ಬಾರದವರು ಹೆಬ್ಬೆಟ್ಟೊತ್ತಿದರು. ಸಭೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಕೊಟ್ಟು, ನಮ್ಮ ಬೇಡಿಕೆಗಳಿಗೆಲ್ಲ ತಲೆಯಾಡಿಸಿ ಕಳಿಸಿದರು.

ಗಣೇಶನ ಹಬ್ಬ ಕಳೆದ ಮೇಲೆ ನಾವು ಹೋದರೆ ಕೊಠಡಿಗೆ ಬೀಗ. ಕಂಬಿಗಳನ್ನು ಕಿತ್ತು ಹಿಂದಿನ ಶೆಡ್ಡಿಗೆ ಎಸೆದಿದ್ದರು. ಮೇಡಂ ಅವರನ್ನು ಬೇರೆ ಕಡೆಗೆ ಹಾಕಿದ್ದರು. ಕೊಠಡಿಯನ್ನು ಯಾರದೋ ಖಾಸಗಿ ಸ್ಕ್ಯಾನಿಂಗ್ ಸೆಂಟರಿಗೆ ಬಿಡುತ್ತಾರಂತೆ. ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ನಡಾವಳಿಯ ನಕಲು ತರಿಸಿದೆ. ಫಿಸಿಯೋಥೆರಪಿ ಕೊಠಡಿಯ ಅಗತ್ಯವಿಲ್ಲವೆಂದೂ, ಅದರ ಮೀಸಲು ಹಣವನ್ನು ಸಲಕರಣೆ ವಿತರಣಾ ಸಮಾರಂಭಕ್ಕೆ ಬಳಸಬಹುದೆಂದೂ ಅಂಗವಿಕಲರೇ ಸರ್ವಾನುಮತದಿಂದ ಒಪ್ಪಿದ್ದಾರೆ ಎಂದಿತ್ತು. ಕೆಳಗೆ ಎಲ್ಲರಿಗಿಂತ ಮೊದಲು ನನ್ನ ಸಹಿ. ಅವತ್ತು ನನ್ನ ಕೈಯನ್ನೇ ಕಡಿದುಕೊಳ್ಳಬೇಕು ಅನ್ನಿಸಿತು.

ಬೇರೆ ಆಸ್ಪತ್ರೆಗೆ ಹೋಗಬೇಕೆಂದರೆ ಯಶವಂತಪುರದಲ್ಲಿ ಬಸ್ಸು ಬದಲಿಸಬೇಕು. ಗಾಲಿಕುರ್ಚಿ ಕಂಡರೆ ಕಂಡಕ್ಟರು ಸೀಟಿ ಊದಿಬಿಡುತ್ತಿದ್ದ. ಮನೆಯಲ್ಲಿ ನಾನೂ ಅಮ್ಮನೂ ಕಾಲು ನೀವಿದೆವು. ನೋವು ಎಂದಾಗೆಲ್ಲ ಮಂಡಿಯ ಕೆಳಗೆ ದಿಂಬು ಕೊಟ್ಟೆವು. ಹಾಗೆ ದಿಂಬಿಟ್ಟರೆ ಮಂಡಿ ಬಾಗಿದಲ್ಲೇ ಕೂತುಬಿಡುತ್ತದೆಂದು ನಮಗೆ ಹೇಳುವವರು ಆ ಕೊಠಡಿಯ ಜೊತೆಗೇ ಹೋಗಿದ್ದರು.

ಅಂಗವಿಕಲರ ದೂರುಗಳನ್ನು ಕೇಳುವ ಅಧಿಕಾರಿಗೆ ದೂರು ಕೊಟ್ಟೆವು. ಮೂರು ಸಲ ವಿಚಾರಣೆ ಮುಂದಕ್ಕೆ ಹೋಯಿತು. ನಾಲ್ಕನೇ ಸಲ ದೊಡ್ಡಪ್ಪ ಬಿಳಿ ಪಂಚೆಯುಟ್ಟು ಬಂದರು.

"ಅವ್ಳೇ ಸೈನ್ ಆಕವ್ಳೆ ಸಾರ್. ನಮ್ಮ ತಮ್ಮನ್ ಮಗ್ಳು, ಸಂಘದ ಕಾರ್ಯದರ್ಶಿ. ಈಗ ಯಾರೋ ತಲೆ ಕೆಡ್ಸವ್ರೆ," ಎಂದರು.

ಅಧಿಕಾರಿ ನನ್ನ ಕಡೆ ತಿರುಗಿ, "ಓದ್ದೆ ಸಹಿ ಹಾಕಿದ್ರಾ?" ಎಂದು ಕೇಳಿದರು.

"ಓದೋಕೆ ಏನೂ ಇರ್ಲಿಲ್ಲ ಸಾರ್. ಹಾಳೆ ಖಾಲಿ ಇತ್ತು. ಮೂಲ ಪುಸ್ತಕ ನೋಡಿ."

ಪುಸ್ತಕ ತೆರೆಸಿದರು. ಮೇಲಿನ ಸಾಲುಗಳು ದಪ್ಪಕ್ಷರದಲ್ಲಿ ಆರಾಮಾಗಿ ಕೂತಿದ್ದವು. ಕೆಳಗೆ ಬರುತ್ತಾ ಜಾಗ ಸಾಲದೆ ಅಕ್ಷರಗಳು ಇರುವೆಯಷ್ಟಾಗಿದ್ದವು. ಕೊನೆಯ ಸಾಲಿನ ಒಂದು ಪದ ನನ್ನ ಸಹಿಯ ಕೊಂಬಿನ ಈ ಬದಿಗೆ ನಿಂತು, ಮುಂದಿನದು ಅದನ್ನು ಬಳಸಿ ಆ ಬದಿಗೆ ಹೋಗಿತ್ತು. ಸಹಿ ಮೊದಲೇ ಇಲ್ಲದಿದ್ದರೆ ಯಾರೂ ಹಾಗೆ ಬರೆಯುವುದಿಲ್ಲ. ಅಧಿಕಾರಿ ಆ ಸಾಲಿನ ಮೇಲೆ ಬೆರಳಿಟ್ಟು ದೊಡ್ಡಪ್ಪನನ್ನು ನೋಡಿದರು. ದೊಡ್ಡಪ್ಪ ಫ್ಯಾನು ನೋಡಿದರು.

ಕೊಠಡಿ ಮತ್ತೆ ತೆರೆಯಬೇಕು, ಮೀಸಲು ಹಣವನ್ನು ಬೇರೆಯದಕ್ಕೆ ಮುಟ್ಟಬಾರದು ಎಂದು ಆದೇಶವಾಯಿತು. ತೆರೆಯುವಷ್ಟರಲ್ಲಿ ಯುಗಾದಿ ಕಳೆದಿತ್ತು. ಮೇಡಂ ವಾಪಸು ಬಂದವರೇ ತಮ್ಮನ ಮಂಡಿ ಹಿಡಿದು ನೆಟ್ಟಗೆ ಮಾಡಲು ನೋಡಿದರು, ಇನ್ನೊಮ್ಮೆ ನೋಡಿದರು, ಆಮೇಲೆ ಮೆಲ್ಲಗೆ ಕೆಳಗಿಟ್ಟರು. ಆಪರೇಷನ್ ಮಾಡಿದರೂ ಹೇಳಲಾಗುವುದಿಲ್ಲ ಎಂದರು. ಅಮ್ಮ ಕನ್ನಡಿಯತ್ತ ತಿರುಗಲೇ ಇಲ್ಲ.

ಮರುತೆರೆಯುವ ದಿನ ಟೇಪು ಕತ್ತರಿಸಲು ಬಂದವರು ಯಾರು ಅಂದುಕೊಂಡಿರಿ, ದೊಡ್ಡಪ್ಪನೇ. ಹೆಗಲ ಮೇಲೆ ಶಾಲು ಬೇರೆ.

"ಎದ್ದು ನಿಂತ್ಕಳೋ, ಕಂಬಿ ಇಡ್ಕೊಂಡು. ಒಂದ್ ಫೋಟೋ ತೆಗೀಲಿ," ಎಂದು ತಮ್ಮನಿಗೆ ಹೇಳಿದರು.

"ಆಗಲ್ಲ ದೊಡ್ಡಪ್ಪ," ಎಂದ ತಮ್ಮ. "ನೀವು ಬೀಗ ಹಾಕೋಕ್ ಮುಂಚೆ ನಿಲ್ತಿದ್ದೆ."

ಫೋಟೋದವನು ಕ್ಯಾಮೆರಾ ಇಳಿಸಿದ. ಆ ಗಲಿಬಿಲಿಯಲ್ಲಿ ಗುಮಾಸ್ತ ಅಭ್ಯಾಸದಂತೆ ನಡಾವಳಿ ಪುಸ್ತಕವನ್ನು ನನ್ನ ಮುಂದಿಟ್ಟು, ಹಾಳೆಯ ಕೆಳಗೆ ಬೆರಳು ತೋರಿಸಿದ. ನಾನು ಪೆನ್ನು ತೆಗೆದುಕೊಂಡು ಮೇಲಿನ ಮೊದಲ ಗೆರೆಯಿಂದ ಬರೆದೆ. ಈ ಕೊಠಡಿಯನ್ನು ನಮ್ಮ ಒಪ್ಪಿಗೆಯಿಲ್ಲದೆ ಮುಚ್ಚಲಾಗಿತ್ತು. ನಿಲ್ಲುತ್ತಿದ್ದ ನನ್ನ ತಮ್ಮ ಈಗ ನಿಲ್ಲಲಾರ. ಅದರ ಕೆಳಗೆ, ಒಂದು ಗೆರೆಯ ಜಾಗವನ್ನೂ ಬಿಡದೆ, ಸಹಿ ಹಾಕಿದೆ. ನನ್ನ ಸಹಿಯ ಕೆಳಗೆ ತಮ್ಮ ಹಾಕಿದ. ಪುಸ್ತಕವನ್ನು ದೊಡ್ಡಪ್ಪನ ಕಡೆ ತಳ್ಳಿ, "ಈಗ ನೀವು ಹಾಕಿ ದೊಡ್ಡಪ್ಪ," ಎಂದೆ.

ಅವರು ಕನ್ನಡಕ ಹುಡುಕಿ ಹಾಕಿಕೊಂಡರು. ಪೂರ್ತಿ ಓದಿದರು. ಸಹಿಗೆ ಮುಂಚೆ ಅವರು ಓದಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಓದಿ ಮುಗಿಸಿ, ಸಹಿ ಹಾಕದೆ, ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡು ಹೊರಟುಹೋದರು.