ಮಗ್ಗುಲಕ್ಕನ ಸೈಕಲ್ ಲೈಟು

ಅವಳಿಗೆ ಮಗ್ಗುಲಕ್ಕ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಹೆಸರು ಅಂಟಿಕೊಂಡುಬಿಟ್ಟಿತು. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಮೈ ಒರೆಸಿ, ಬಟ್ಟೆ ಬದಲಿಸಿ, ಎಡಮಗ್ಗುಲಲ್ಲಿದ್ದವರನ್ನು ಬಲಕ್ಕೂ ಬಲದಲ್ಲಿದ್ದವರನ್ನು ಎಡಕ್ಕೂ ಹೊರಳಿಸಿ ಬರುವುದು ಅವಳ ಕೆಲಸ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಬೆನ್ನು, ಸೊಂಟ ಹುಣ್ಣಾಗುತ್ತದೆ. ಅವಳು ನೋಡಿಕೊಂಡ ಮೈಯಲ್ಲಿ ಹುಣ್ಣನ್ನು ಕಂಡವರಿಲ್ಲ. ಬೆಳಗ್ಗೆ ನಾಲ್ಕು ಮನೆ, ಸಂಜೆ ಮೂರು. ಸಂಜೆಯ ಕೊನೆಯ ಮನೆ ಕಾಲುವೆಯ ಆಚೆಗಿತ್ತು. ಅಲ್ಲಿನ ಮುದುಕಿಗೆ ಮಾತು ನಿಂತುಹೋಗಿತ್ತು, ಆದರೂ ಅಂಗಳದಲ್ಲಿ ಸೈಕಲ್ ಸ್ಟ್ಯಾಂಡಿನ ಸದ್ದು ಕೇಳಿದರೆ ಸಾಕು, ಬೆರಳುಗಳು ಹೊದಿಕೆಯ ಮೇಲೆ ಆಡತೊಡಗುತ್ತಿದ್ದವು. ಬೇರೆ ಯಾರು ಮುಟ್ಟಿದರೂ ಮುದುಕಿ ಮೈ ಬಿಗಿಹಿಡಿದು ನರಳುತ್ತಿದ್ದಳು. ಮಗ್ಗುಲಕ್ಕನ ಕೈ ತಾಗಿದರೆ ಮಾತ್ರ ಮಗುವಿನ ಹಾಗೆ ಹೊರಳುತ್ತಿದ್ದಳು.

ಇಂಥ ಮಗ್ಗುಲಕ್ಕನಿಗೆ ಕತ್ತಲಾದರೆ ಕಣ್ಣು ಕಾಣುತ್ತಿರಲಿಲ್ಲ.

ಮೊದಮೊದಲು ಅವಳು ಬೈದದ್ದು ಸೈಕಲ್ಲಿನ ಡೈನಮೋವನ್ನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲವೂ ಸ್ವಲ್ಪ ಡೊಂಕೇ ಇತ್ತೆನ್ನಿ. ಟೈರಿಗೆ ಉಜ್ಜಿಕೊಂಡು ಉರಿಯುವ ಆ ಹಳೆಯ ದೀಪ ಜೋರಾಗಿ ತುಳಿದರೆ ಬೆಳಗುತ್ತಿತ್ತು, ನಿಧಾನ ಮಾಡಿದರೆ ಮಂಕಾಗುತ್ತಿತ್ತು, ನಿಂತರೆ ಆರಿಯೇ ಹೋಗುತ್ತಿತ್ತು. ಕಾಣುವುದಿಲ್ಲವೆಂದು ಹೆದರಿ ಅವಳು ನಿಧಾನ ಮಾಡುವಳು. ನಿಧಾನ ಮಾಡಿದ್ದರಿಂದ ಇನ್ನೂ ಕಾಣದಾಗುವುದು. ಒಂದು ಸಂಜೆ, ದಿನಾ ಹಗಲು ನೋಡುವ ಚರಂಡಿಗೇ ಮುಂದಿನ ಚಕ್ರ ಇಳಿಯಿತು. ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗಾಯಿತಲ್ಲ ಎಂದುಕೊಂಡಳು. ಮರುದಿನವೇ ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಹತ್ತಿರ ಹೋದಳು.

"ಕಣ್ಣೊಳಗಿನ ಪರದೆ ಅಂಚಿನಿಂದ ಸವೀತಾ ಬರ್ತಿದೆ ತಾಯಿ. ಅದಕ್ಕೇ ಪಕ್ಕದ್ದು ಕಾಣಲ್ಲ, ಕತ್ತಲಲ್ಲಿ ಏನೂ ಕಾಣಲ್ಲ. ಕನ್ನಡಕದಿಂದ ಹೋಗೋದಲ್ಲ ಇದು. ಕತ್ತಲಲ್ಲಿ ಸೈಕಲ್ ತುಳಿಯೋದನ್ನ ಇವತ್ತೇ ನಿಲ್ಲಿಸಿ. ಮನೇಲಿ ಬೇರೆ ಯಾರಿಗಾದ್ರೂ ಹೀಗಿದೆಯಾ?" ಎಂದು ಕೇಳಿದರು ಡಾಕ್ಟರು.

"ಇಲ್ಲ" ಎಂದಳು. ಅದು ಹಸಿ ಸುಳ್ಳು.

ಮನೆಯ ಕಿಟಕಿಯ ಪಕ್ಕ, ಕೈ ಇರುವ ಮರದ ಕುರ್ಚಿಯಲ್ಲಿ, ಅವಳ ಅಣ್ಣ ಕೂತಿದ್ದ. ಒಂದು ಕಾಲದಲ್ಲಿ ಬಸ್ ಓಡಿಸುತ್ತಿದ್ದವನು. ನಲವತ್ತು ತುಂಬುವ ಹೊತ್ತಿಗೆ ಸ್ಟಿಯರಿಂಗ್ ಬಿಟ್ಟು ಆ ಕುರ್ಚಿ ಹಿಡಿದವನಿಗೆ ಈಗ ಹಗಲೂ ಒಂದೇ ಇರುಳೂ ಒಂದೇ. ಗುಡಿಸುವಾಗ "ಅಣ್ಣಾ, ಕಾಲೆತ್ತು" ಎಂದರೆ ಎತ್ತುತ್ತಿದ್ದ. ಇಳಿಸು ಎನ್ನುವುದನ್ನು ಅವಳೇ ಎಷ್ಟೋ ಸಲ ಮರೆತದ್ದುಂಟು. ಪೊರಕೆ ಮೂಲೆಗಿಟ್ಟು, ಒಲೆಯ ಮೇಲಿನದನ್ನು ಇಳಿಸಿ ಬಂದು ನೋಡಿದರೆ ಅಣ್ಣ ಇನ್ನೂ ಕಾಲೆತ್ತಿಕೊಂಡೇ ಕೂತಿರುತ್ತಿದ್ದ. ಅವನ ಮೇಜಿನ ಡ್ರಾಯರಿನಲ್ಲಿ ಮೂರು ಟಾರ್ಚುಗಳಿದ್ದವು, ಒಂದಕ್ಕಿಂತ ಒಂದು ದೊಡ್ಡವು. ಬಸ್ ಓಡಿಸುವವನಿಗೆ ಇಷ್ಟೊಂದು ಟಾರ್ಚ್ ಯಾಕಪ್ಪಾ ಎಂದು ಆಗ ಮನೆಯವರೆಲ್ಲ ನಕ್ಕಿದ್ದರು. ಅವಳೂ ನಕ್ಕಿದ್ದಳು. ಡಾಕ್ಟರ ಹತ್ತಿರ ಹೋಗಿ ಬಂದ ದಿನ ಆ ಡ್ರಾಯರು ಎಳೆದು ಮೂರು ಟಾರ್ಚುಗಳನ್ನೂ ನೋಡಿದಳು, ಫಟ್ಟನೆ ಮುಚ್ಚಿದಳು.

ಆ ಕುರ್ಚಿ ನನಗೆ ಬೇಡ ಎಂದುಕೊಂಡಳು. ಅದೊಂದೇ ಯೋಚನೆ. ಕಣ್ಣು ಕಿರಿದಾದರೆ ಬೆಳಕನ್ನು ಹಿರಿದು ಮಾಡಿಕೊಂಡರಾಯಿತು ಎಂಬ ಹಟ ಹೊತ್ತು ಸೈಕಲ್ ಅಂಗಡಿಗೆ ನಡೆದಳು.

ಅಂಗಡಿಯವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಡ್ಡಿ ಎಂದು. ಚಕ್ರದ ಕಡ್ಡಿಗೂ ಅವನಿಗೂ ದಪ್ಪದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಅವನು ಗಾಜಿನ ಪೆಟ್ಟಿಗೆಯಿಂದ ಬ್ಯಾಟರಿ ಲೈಟುಗಳನ್ನು ತೆಗೆದು ಸಾಲಾಗಿ ಇಟ್ಟ.

"ಇದು ಸೆಲ್ ಹಾಕೋದು ಅಕ್ಕಾ. ಊರೊಳಗೆ ಓಡಾಡೋರಿಗೆ ಸಾಕು. ಇದು ಚಾರ್ಜ್ ಮಾಡೋದು, ಬೆಳಕು ಅಗಲಕ್ಕೆ ಹರಡುತ್ತೆ, ದೂರ ಹೋಗಲ್ಲ. ಇದಿದೆಯಲ್ಲ, ಇದು ರಾಕ್ಷಸ. ನಿಮಗೆ ಬೇಡ."

"ರಾಕ್ಷಸನೇ ಇರಲಿ."

"ಕಳ್ಳರನ್ನ ಹಿಡಿಯೋಕೆ ಹೊರಟಿದ್ದೀರಾ?"

ಅವಳು ನಗಲಿಲ್ಲ. ಕಡ್ಡಿ ಎರಡು ಬಗೆಯ ಹಿಡಿಕೆ ತೋರಿಸಿದ. "ಈ ಕ್ಲಿಪ್ಪಿಂದು ತಗೊಳ್ಳಿ. ಗುಂಡಿ ಒತ್ತಿದ್ರೆ ಲೈಟು ಕೈಗೆ ಬರುತ್ತೆ. ಬೇಕಾದಾಗ ಟಾರ್ಚ್ ಥರಾನೂ..."

"ಟಾರ್ಚ್ ಬೇಡ!" ಎಂದು ಅವಳು ಕೂಗಿಯೇಬಿಟ್ಟಳು. ಪಂಕ್ಚರ್ ಹಾಕಿಸಿಕೊಳ್ಳುತ್ತಿದ್ದವರು ತಿರುಗಿ ನೋಡಿದರು. "ನಟ್ಟು ಹಾಕಿ ಬಿಗಿ ಕಣೋ. ಅಲ್ಲಾಡಬಾರದು, ಕಳಚಬಾರದು."

ಹ್ಯಾಂಡಲ್ಲಿಗೆ ಬಿಗಿದರೆ ಮುಂದಿನ ಬುಟ್ಟಿ ಅಡ್ಡ ಬರುತ್ತಿತ್ತು. ಅವಳ ಪೌಡರು, ಕೈಗವಸು, ಬದಲಿ ಬಟ್ಟೆ ತುಂಬಿದ ಚೀಲ ಅದರಲ್ಲೇ ಇರಬೇಕು. ಕಡ್ಡಿ ಒಂದು ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ ಬುಟ್ಟಿಯ ಮುಂದಕ್ಕೆ ತಂದು, ನಡುವೆ ಹಳೆ ಟ್ಯೂಬಿನ ತುಂಡು ಇಟ್ಟು, ಲೈಟು ಕೂರಿಸಿ ಎರಡು ನಟ್ಟು ಬಿಗಿದ. ಆಮೇಲೆ ಗೋಡೆಯ ಎದುರು ಸೈಕಲ್ ನಿಲ್ಲಿಸಿ ಬೆಳಕು ತನ್ನ ಮೊಣಕಾಲಿಗಿಂತ ಕೆಳಗೆ ಬೀಳುವಂತೆ ಬಾಗಿಸಿದ.

"ಸ್ವಲ್ಪ ಎತ್ತು. ದೂರ ಕಾಣಬೇಕು ನಂಗೆ" ಎಂದಳು.

"ಎತ್ತಬಾರದು ಅಕ್ಕಾ. ಎದುರಿಗೆ ಬರೋರ ಮುಖಕ್ಕೇ ಹೊಡೆಯುತ್ತೆ, ಅವರಿಗೆ ದಾರಿ ಕಾಣಲ್ಲ."

ಅವಳು ಹೂಂ ಎಂದಳು. ಮನೆಗೆ ಬಂದವಳೇ ಗಂಡನ ಸ್ಪ್ಯಾನರ್ ತೆಗೆದುಕೊಂಡು ನಟ್ಟು ಸಡಿಲಿಸಿ, ಲೈಟನ್ನು ಮೇಲಕ್ಕೆತ್ತಿ, ಹಲ್ಲು ಕಚ್ಚಿ ಮತ್ತೆ ಬಿಗಿದಳು. ಗಂಡ ಮರಗೆಲಸದವನು. ಅವನ ಪೆಟ್ಟಿಗೆಯಲ್ಲಿ ಸ್ಪ್ಯಾನರಿಗೇನು ಬರ?

ಮೊದಲ ಕೆಲವು ಸಂಜೆ ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಕಾಲುವೆಯ ದಂಡೆಯ ಮೇಲೆ ದೂರದವರೆಗೂ ಒಂದು ಗುಂಡನೆಯ ಬೆಳಕು ಓಡುತ್ತಿತ್ತು. ಅದರೊಳಗೆ ಕಲ್ಲು, ಗುಂಡಿ, ಹುಲ್ಲು ಎಲ್ಲವೂ ಇದ್ದವು. ಅದರ ಹೊರಗೆ ಜಗತ್ತೇ ಇರಲಿಲ್ಲ. ಎದುರು ಬಂದವರು "ಯಾರ್ರೀ ಅದು, ಕಣ್ಣಿಗೇ ಹೊಡೀತೀರಲ್ಲ!" ಎಂದು ಬೈದರೆ ಕೇಳಿಸಿಕೊಳ್ಳದವಳಂತೆ ತುಳಿಯುತ್ತಿದ್ದಳು. ನಿಮ್ಮ ಕಣ್ಣು ಕುಕ್ಕಿದರೆ ಒಂದು ಗಳಿಗೆ, ನನಗೆ ಕಣ್ಣೇ ಹೋಗುತ್ತಿದೆಯಲ್ಲ ಎಂದು ಒಳಗೊಳಗೇ ಸಿಟ್ಟಾಗುತ್ತಿದ್ದಳು. ಅದು ತಪ್ಪು ಎಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ, ಅದನ್ನು ಬೇರೆಯವರ ಕೈಯಿಂದ ಕಿತ್ತುಕೊಂಡಿದ್ದರೂ ಸರಿ.

ಮನೆಯೊಳಗೆ ಮಾತ್ರ ಅವಳ ಮುಂದೆ ರಾಕ್ಷಸ ಇರಲಿಲ್ಲ. ಒಂದು ಮುಸ್ಸಂಜೆ, ಇನ್ನೂ ದೀಪ ಹಾಕಿರಲಿಲ್ಲ, ಅವಳು ಸ್ಟೂಲಿಗೆ ಎಡವಿದಳು. ಎದ್ದು ನಾಲ್ಕು ಹೆಜ್ಜೆ ಇಟ್ಟು, ವಾಪಸ್ ಬರುವಾಗ ಮತ್ತೆ ಅದೇ ಸ್ಟೂಲಿಗೆ ಎಡವಿದಳು. ಅಣ್ಣ ಕುರ್ಚಿಯಲ್ಲೇ ಮುಖ ಎತ್ತಿದ.

"ಯಾವಾಗಿಂದ ಪುಟ್ಟೀ?"

"ಏನು ಯಾವಾಗಿಂದ? ಸ್ಟೂಲು ಯಾರೋ ದಾರೀಲಿ ಇಟ್ಟಿದ್ರು."

ಅವಳು ಸಂಜೆಯ ಮನೆಗಳಿಗೆ ಹೊರಟುಹೋದ ಮೇಲೆ ಅವಳ ಗಂಡ ಕೆಲಸದಿಂದ ಬಂದ. ಅಣ್ಣ ಅವನ ಕೈ ಹಿಡಿದು, "ಭಾವಾ, ಹೋಗಿ ಅವಳನ್ನ ಕರ್ಕೊಂಡು ಬಾ. ಅವಳಿಗೆ ಕಾಣ್ತಿಲ್ಲ" ಎಂದ. ಗಂಡ ಚಹಾ ಕೂಡ ಕುಡಿಯದೆ ಹೊರಟ.

ಕಾಲುವೆಯ ದಂಡೆ ಕಿರಿದು. ಮುದುಕಿಯನ್ನು ಬಲಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಮಗ್ಗುಲಕ್ಕ ಹಿಂತಿರುಗುತ್ತಿದ್ದಳು. ಯಾರೋ ಕೂಗಿದಂತಾಯಿತು. ದಿನಾ ಬೈಯುವವರೇ ಇರಬೇಕು ಎಂದು ಇನ್ನೂ ಜೋರಾಗಿ ತುಳಿದಳು. ಬೆಳಕಿನೊಳಗೆ ಮುಖಕ್ಕೆ ಅಡ್ಡ ಹಿಡಿದ ಒಂದು ಕೈ ಕಂಡಿತು. ಮರುಕ್ಷಣ ಅದು ಪಕ್ಕಕ್ಕೆ ಸರಿಯಿತು. ಪಕ್ಕಕ್ಕೆ ಸರಿದದ್ದು ಅವಳ ಪಾಲಿಗೆ ಇಲ್ಲವಾದ ಹಾಗೆಯೇ. ಹ್ಯಾಂಡಲ್ ಯಾವುದಕ್ಕೋ ಬಡಿಯಿತು. ಯಾರೋ ದಂಡೆಯಿಂದ ಕೆಳಗೆ ಉರುಳಿದ ಸದ್ದು, ಆಮೇಲೆ ನೋವಿನ ಕೂಗು. ಅದು ಗಂಡನ ದನಿ.

"ರೀ! ಎಲ್ಲಿದ್ದೀರಿ?"

"ಇಲ್ಲೇ ಕಣೇ... ಕೈ... ನನ್ನ ಕೈ..."

ಅವಳು ಲೈಟನ್ನು ಕಿತ್ತುಕೊಳ್ಳಲು ಹೋದಳು. ಅದು ಬರಲಿಲ್ಲ. ತಾನೇ ಬಿಗಿದ ನಟ್ಟುಗಳು ಅವು. ಉಗುರು ಸೀಳಿ ರಕ್ತ ಬಂದರೂ ಅಲ್ಲಾಡಲಿಲ್ಲ. ಇಡೀ ಸೈಕಲ್ಲನ್ನೇ ಎತ್ತಿ ತಿರುಗಿಸಿದಳು. ಬೆಳಕು ನೀರಿನ ಮೇಲೆ ಬಿತ್ತು, ಆಚೆ ದಡದ ಮರದ ಮೇಲೆ ಬಿತ್ತು, ಬರೀ ಹುಲ್ಲಿನ ಮೇಲೆ ಬಿತ್ತು. ಎತ್ತಿ ಬಿಗಿದ ಲೈಟು ಕಾಲಬುಡಕ್ಕೆ ಬಗ್ಗುವುದಾದರೂ ಹೇಗೆ? ಅವಳು ಅಳುತ್ತ ಸೈಕಲ್ಲನ್ನು ಆ ಕಡೆ ಈ ಕಡೆ ಎಳೆದಾಡಿದಳು.

"ಅಲ್ಲೆಲ್ಲಿ ಹುಡುಕ್ತೀಯಾ? ನಿನ್ನ ಕಾಲ ಹತ್ರಾನೇ ಇದ್ದೀನಲ್ಲೇ. ಕಾಣಲ್ವಾ?" ಎಂದ ಗಂಡ. ದಂಡೆಯ ಕೆಳಗಿನಿಂದ ಚಾಚಿದ ಅವನ ಎಡಗೈ ಅವಳ ಕಾಲಿನ ಗಿಣ್ಣು ಹಿಡಿದುಕೊಂಡಿತು.

"ಇಲ್ಲ, ಕಾಣಲ್ಲ" ಎಂದಳು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅಂತೂ ಹೊರಗೆ ಬಂತು.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡು ಇಬ್ಬರೂ ನಡೆದೇ ಬಂದರು. ಮುರಿದದ್ದು ಬಲಗೈ, ಉಳಿ ಹಿಡಿಯುವ ಕೈ. ಅವನು ಒಂದು ಮಾತೂ ಬೈಯಲಿಲ್ಲ, ಎಡಗೈಯಲ್ಲಿ ಅವಳ ಮೊಣಕೈ ಹಿಡಿದು ಗುಂಡಿ ಬಂದಾಗಲೆಲ್ಲ "ಹುಷಾರು" ಎಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಾಳೆ ಸಂಜೆ ಮುದುಕಿಯನ್ನ ಹೊರಳಿಸೋರು ಯಾರು?" ಎಂದು ಅವಳು ದಾರಿಯುದ್ದಕ್ಕೂ ಕೇಳಿದಳು.

ಮನೆಯಲ್ಲಿ ಅಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಎದ್ದು, ಗೋಡೆ ಸವರಿಕೊಂಡು ಹೋಗಿ, ಮೂಲೆಯಲ್ಲಿದ್ದ ಇನ್ನೊಂದು ಕುರ್ಚಿಯನ್ನು ಎಳೆದು ತಂದು ತನ್ನ ಕುರ್ಚಿಯ ಪಕ್ಕ ಇಟ್ಟ. ಕಿಟಕಿಯ ಗಾಳಿ ಇಬ್ಬರಿಗೂ ಬರಲೆಂದು ತನ್ನದನ್ನು ಸ್ವಲ್ಪ ಸರಿಸಿದ.

"ಕೂತ್ಕೋ ಪುಟ್ಟೀ."

"ತೆಗಿ ಅಣ್ಣಾ ಅದನ್ನ. ನಾನು ಕೂರೋಳಲ್ಲ" ಎಂದಳು. "ಹಗಲು ಚೆನ್ನಾಗೇ ಕಾಣುತ್ತೆ ನಂಗೆ. ಬೆಳಗಿನ ಮನೆಗಳು ಇದ್ದೇ ಇವೆ. ಸಂಜೆದು ಬಿಡ್ತೀನಿ, ಹಗಲಿನ ಮನೆ ಅಷ್ಟೇ ಸಾಕು."

ಅಣ್ಣ ಪಕ್ಕದ ಖಾಲಿ ಕುರ್ಚಿಯ ಮೇಲೆ ಕೈಯಿಟ್ಟ.

"ನಾನೂ ಹಗಲಿನ ಬಸ್ ಅಷ್ಟೇ ಸಾಕು ಅಂದಿದ್ದೆ" ಎಂದ.